ವಿಷಯ: ‘ಡ್ಯೂ ರಿಗಾರ್ಡ್’ಗೆ ಕನ್ನಡ? ಇವತ್ತೇ ಬೇಕು

ಸಮುದ್ರ ಕಾನೂನಿನ ಕಿರುಹೊತ್ತಗೆ ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗುತ್ತದೆ. 1982ರ ವಿಶ್ವಸಂಸ್ಥೆ ಒಪ್ಪಂದದ 56(2) ಮತ್ತು 58(3)ರಲ್ಲಿ ಬರುವ ‘ಡ್ಯೂ ರಿಗಾರ್ಡ್’ಗೆ (ಎದುರಿನವರ ಹಕ್ಕುಗಳನ್ನು ಲೆಕ್ಕಕ್ಕೆ ತೆಗೆದುಕೊಂಡು ನಡೆಯುವ ಹೊಣೆ) ಕರಡಿನಲ್ಲಿ ‘ಸೂಕ್ತ ಗೌರವ’ ಎಂದಿದೆ, ಮನಸ್ಸು ಒಪ್ಪುತ್ತಿಲ್ಲ. ಮೊದಲನೆಯದರಲ್ಲಿ ಕರಾವಳಿ ರಾಷ್ಟ್ರದ ಮೇಲೆ, ಎರಡನೆಯದರಲ್ಲಿ ಉಳಿದ ರಾಷ್ಟ್ರಗಳ ಮೇಲೆ ಅದೇ ಹೊಣೆ. ‘ಇನೊಸೆಂಟ್ ಪ್ಯಾಸೇಜ್’ಗೂ (ಬೇರೆ ದೇಶದ ಹಡಗು ತೊಂದರೆ ಕೊಡದೆ ಕರಾವಳಿ ಸಮುದ್ರ ದಾಟುವುದು) ಪದ ಬೇಕು, ‘ಮುಗ್ಧ ಸಂಚಾರ’ ಅಂತಿದೆ.
— ಸು.

‘ಗೌರವ’ ಬೇಡ. ಕೈಮುಗಿದು ತನ್ನ ಪಾಡಿಗೆ ಮುಂದುವರಿದರೂ ಗೌರವ ಸಂದಿತು ಅನ್ನಬಹುದು. ‘ಸಮ್ಮತಿ’ಯೂ ಅಲ್ಲ, ಅದು ವೀಟೊ ಆಗಿಬಿಡುತ್ತದೆ. ಬ್ರಿಟನ್ 2010ರಲ್ಲಿ ಹಿಂದೂ ಮಹಾಸಾಗರದ ಚಾಗೋಸ್ ದ್ವೀಪಗಳ ಸುತ್ತ ಸಾಗರ ಸಂರಕ್ಷಿತ ಪ್ರದೇಶ ಘೋಷಿಸಿತು. ಅಲ್ಲಿ ತನಗೂ ಹಕ್ಕುಗಳಿವೆ ಎಂದು ಮಾರಿಷಸ್ ದಾವೆ ಹೂಡಿತು. 56(2)ರ ಉಲ್ಲಂಘನೆಯಾಗಿದೆ ಎಂದು 2015ರಲ್ಲಿ ಮಧ್ಯಸ್ಥಿಕೆ ಮಂಡಳಿ ಹೇಳಿತು. ಎದುರಿನವರ ಹಕ್ಕು ಎಂಥದು, ಎಷ್ಟು ಮುಖ್ಯ, ಎಷ್ಟು ಧಕ್ಕೆಯಾಗುತ್ತದೆ, ಬೇರೆ ದಾರಿ ಇತ್ತೇ ಎಂದು ತೂಗಿ ನೋಡಬೇಕು. ಹೆಚ್ಚಿನ ಸಂದರ್ಭಗಳಲ್ಲಿ ಅವರೊಂದಿಗೆ ಸಮಾಲೋಚಿಸಲೂ ಬೇಕು. ಈ ತೂಗುವಿಕೆ ಪದದೊಳಗೆ ಬರಬೇಕು: ‘ಯುಕ್ತ ಪರಿಗಣನೆ’.

‘ಮುಗ್ಧ’ ನಗೆಪಾಟಲು. ‘ನಿರುಪದ್ರವಿ ಸಂಚಾರ’ ಅನ್ನಿ. ಮೀನು ಹಿಡಿದರೆ, ಸಮೀಕ್ಷೆ ನಡೆಸಿದರೆ ಅದು ಉಪದ್ರವ. ಸಬ್‌ಮರೀನ್ ಮೇಲೆದ್ದು ಬಾವುಟ ತೋರಿಸಿ ಸಾಗಬೇಕು. ಆದರೆ ಇದು 12 ನಾಟಿಕಲ್ ಮೈಲಿಯೊಳಗಿನ ಮಾತು. 2021ರ ಏಪ್ರಿಲ್‌ನಲ್ಲಿ ಅಮೆರಿಕದ ಯುದ್ಧನೌಕೆ ಸಾಗಿದ್ದು ಲಕ್ಷದ್ವೀಪದಿಂದ ಸುಮಾರು 130 ಮೈಲಿ ಆಚೆ. ಅದು 200 ಮೈಲಿಯ ಆರ್ಥಿಕ ವಲಯ, ಅಲ್ಲಿ ತಕರಾರು 1995ರ ನಮ್ಮ ಘೋಷಣೆಯದು: ಭಾರತದ ಸಮ್ಮತಿಯಿಲ್ಲದೆ ಸೇನಾ ಕವಾಯತು ಕೂಡದು ಎಂಬುದು. ಎರಡನ್ನೂ ‘ಜಲಗಡಿ’ ಅಂದು ಕಲಸಬೇಡಿ.

ಇನ್ನೊಂದು. 200 ಮೈಲಿಯದನ್ನು ‘ವಿಶೇಷ ಆರ್ಥಿಕ ವಲಯ’ ಅಂದರೆ ಓದುಗ ಅದೇ ಹೆಸರಿನ ಕೈಗಾರಿಕಾ ವಲಯಕ್ಕೆ, ಮಂಗಳೂರಿನ ಎಸ್‌ಇಝಡ್‌ಗೆ ಹೋಗುತ್ತಾನೆ. ‘ಅನನ್ಯ ಆರ್ಥಿಕ ವಲಯ’ ಇರಲಿ.
— ವಿ.ಭ.

ಯುಕ್ತ, ಪರಿಗಣನೆ, ನಿರುಪದ್ರವಿ, ಅನನ್ಯ. ಕನ್ನಡ ಎಲ್ಲಿ? ‘ತಕ್ಕ ಎಣಿಕೆ’, ‘ಕೇಡಿಲ್ಲದ ಹಾಯ್ವಿಕೆ’. ಹಾಯಿಹಡಗಿನ ಹಾಯಿ ಬಂದದ್ದೇ ಹಾಯುವುದರಿಂದ.
— ಕೆ.

ಬಂದಿಲ್ಲ. ಆ ಹಾಯಿಗೆ ತಮಿಳಿನಲ್ಲಿ ಪಾಯ್, ಚಾಪೆಗೂ ಅದೇ ಮಾತು. ದಾಟುವ ಹಾಯ್ ಬೇರೆ ಧಾತು. ‘ಎಣಿಕೆ’ ಅಂದರೆ ಜನ ಮತ ಎಣಿಕೆ ಅಂದುಕೊಳ್ಳುತ್ತಾರೆ.
— ವಿ.ಭ.

ಪರಿಗಣನೆಯೊಳಗೂ ಗಣನೆಯೇ ಕೂತಿದೆಯಲ್ಲ ಭಟ್ಟರೇ. ಸಂಸ್ಕೃತದಲ್ಲಿ ಎಣಿಸಿದರೆ ಕಾನೂನು, ಕನ್ನಡದಲ್ಲಿ ಎಣಿಸಿದರೆ ಎಲೆಕ್ಷನ್ನೋ? ‘ನಾಟಿಕಲ್’ ಅಂತೂ ಕಿತ್ತುಹಾಕಿ, ‘ಕಡಲಮೈಲಿ’ ಮಾಡಿ.
— ಕೆ.

‘ಮೈಲಿ’ ನಿಮ್ಮ ಕಣ್ಣಿಗೆ ಬೀಳಲಿಲ್ಲವೇ? ಸು. ಅವರೇ, ‘ನಾಟಿಕಲ್ ಮೈಲಿ’ ಎಂದೇ ಬಿಟ್ಟು ಮೊದಲ ಸಲ 1,852 ಮೀಟರ್ ಎಂದು ಕೊಡಿ. ಬರೀ ‘ಮೈಲಿ’ ಅಂತಿದ್ದರೆ ಯಾರೋ ನೆಲದ ಮೈಲಿಯಲ್ಲಿ ಗುಣಿಸಿ 200ಕ್ಕೆ 322 ಕಿ.ಮೀ. ಅಂತ ಹಾಕುತ್ತಾರೆ. ಸರಿಯಾದದ್ದು 370.
— ರಾ.

ವಿ.ಭ. ಅವರ ಮೂರೂ ಪದ ಹಾಕಿದ್ದೇನೆ, ಭೂಪಟದ ಅಡಿಯಲ್ಲಿ 322 ಇತ್ತು, ತಿದ್ದಿದೆ. ಆದರೆ ‘ವಿಶೇಷ’ ಬಿಡಲು ಸಂಪಾದಕರು ಇನ್ನೂ ಒಪ್ಪಿಲ್ಲ.
— ಸು.