ನಾಮಿನಿ ಹಾಕಿದ್ದೀನಿ, ಉಯಿಲು ಬೇರೆ ಬೇಕಾ?

ಕೇಳಿದವರು: ಎರಡನೇ ಪಾಳಿ

ನನಗೆ 43. ಮನೇಲಿ ಅಮ್ಮ, ಹೆಂಡತಿ, 9 ವರ್ಷದ ಮಗಳು. ನನ್ನೊಬ್ಬನ ಹೆಸರಲ್ಲಿ ಒಂದು ಫ್ಲ್ಯಾಟ್ ಇದೆ, ಸಾಲ ಇನ್ನೂ ತೀರಿಲ್ಲ. ಒಂದಿಷ್ಟು ಎಫ್‌ಡಿ, ಸ್ವಲ್ಪ ಷೇರು. ಷೇರಿನ ಅಕೌಂಟಿಗೆ ಮದುವೆಗೆ ಮುಂಚೆ ತಮ್ಮನ್ನ ನಾಮಿನಿ ಮಾಡಿದ್ದೆ, ಅದು ಹಾಗೇ ಇದೆ.

ಹೋದ ತಿಂಗಳು ಆಫೀಸಲ್ಲಿ ನನ್ನ ವಯಸ್ಸಿನವನೇ ಒಬ್ಬ ಹೋಗಿಬಿಟ್ಟ. ಅವತ್ತಿಂದ ಹೆಂಡತಿ "ಒಂದು ಉಯಿಲು ಬರೆದಿಡಿ" ಅಂತಿದ್ದಾಳೆ. ಅಮ್ಮ ಅದನ್ನ ಕೇಳಿಸಿಕೊಂಡು "ಬಿಡ್ತು ಅನ್ನು" ಅಂದು ಎದ್ದು ಹೋದರು, ಎರಡು ದಿನ ಮುಖ ಕೊಟ್ಟು ಮಾತಾಡಲಿಲ್ಲ. ನಾಮಿನಿ ಇದ್ದ ಮೇಲೆ ಉಯಿಲು ಯಾಕೆ? ಈ ವಯಸ್ಸಿಗೇ ಬರೆದರೆ ಆಮೇಲೆ ಪದೇ ಪದೇ ತಿದ್ದೋದೇ ಕೆಲಸ ಆಗಲ್ವಾ?

ಉತ್ತರ: ಹಳೇ ಫೈಲು

ನಾಮಿನಿ ಅಂದರೆ ದುಡ್ಡನ್ನ ಕೈಗೆ ಇಸ್ಕೊಳ್ಳೋನು, ಯಜಮಾನ ಅಲ್ಲ. ವಿಮೆ ಹಣದ ಬಗ್ಗೆ ಸುಪ್ರೀಂ ಕೋರ್ಟ್ 1984ರಲ್ಲೇ ಇದನ್ನ ಹೇಳಿತ್ತು (ವಿಮೆಯಲ್ಲಿ ಹೆತ್ತವರು, ಗಂಡ ಅಥವಾ ಹೆಂಡತಿ, ಮಕ್ಕಳು ನಾಮಿನಿ ಆದರೆ 2015ರಿಂದ ನಿಯಮ ಬೇರೆ). ಷೇರಿನ ನಾಮಿನಿಯೂ ಯಜಮಾನ ಅಲ್ಲ ಅಂತ 2023ರ ಡಿಸೆಂಬರಲ್ಲಿ ಹೇಳಿದೆ. ನಿಮ್ಮ ತಮ್ಮನ ಹೆಸರಿಗೆ ಬಂದಿದ್ದನ್ನ ಅವರು ವಾರಸುದಾರರಿಗೆ ಒಪ್ಪಿಸಬೇಕು. ಒಪ್ಪಿಸದೇ ಹೋದರೆ ನಿಮ್ಮ ಹೆಂಡತಿ ಕೋರ್ಟಿಗೆ ಅಲೀಬೇಕು. ಮೊದಲು ಆ ನಾಮಿನಿ ಬದಲಾಯಿಸಿ, ಉಯಿಲಿನ ಮಾತು ಆಮೇಲೆ.

ಉತ್ತರ: ಹಿರಿಮಗಳು

ನಿಮ್ಮ ಕಡೇ ಪ್ರಶ್ನೆ ಇದೆಯಲ್ಲ, ಪದೇ ಪದೇ ತಿದ್ದಬೇಕಾ ಅಂತ, ಅದಕ್ಕೆ ನಾನು ಹೇಳ್ತೀನಿ. ನಮ್ಮಪ್ಪ ಉಯಿಲು ಬರೆದಿದ್ದರು. ಬರೆದಿದ್ದರಿಂದಲೇ ನಮ್ಮನೇಲಿ ತಕರಾರು ಬಂದಿದ್ದು.

ಬರೆದಿದ್ದು 2006ರಲ್ಲಿ, ಅಪ್ಪ ಹೋಗಿದ್ದು 2021ರಲ್ಲಿ. ಉಯಿಲು ಬೀರುವಿನ ಮೇಲರೆಯಲ್ಲಿ, ಕರೆಂಟ್ ಬಿಲ್ಲಿನ ಕಟ್ಟಿನ ಕೆಳಗೆ, ನನ್ನ ಮದುವೆ ಕರೆಯೋಲೆಯ ಕವರೊಳಗೆ ಇತ್ತು. ಗೀಟು ಹಾಕಿದ ಎರಡು ಹಾಳೆ, ನೀಲಿ ಇಂಕು. ಮನೆ ನನಗೆ, ಸೈಟು ತಮ್ಮನಿಗೆ. ಅಷ್ಟೇ. ಬರೆದ ದಿನದ ಮಟ್ಟಿಗೆ ನ್ಯಾಯವಾಗೇ ಇತ್ತು, ಎರಡರ ಬೆಲೆಯೂ ಹೆಚ್ಚುಕಮ್ಮಿ ಒಂದೇ.

ಆದರೆ ಸೈಟನ್ನ ಅಪ್ಪ 2013ರಲ್ಲೇ ಮಾರಿದ್ದರು! ಆ ದುಡ್ಡಲ್ಲೇ ಮನೆ ಮೇಲೆ ಮಹಡಿ ಎಬ್ಬಿಸಿದ್ದು, ಅದೂ ತಮ್ಮನಿಗೆ ಅಂತಲೇ. ಅವನು ಸಂಸಾರ ಹೂಡಿದ್ದೂ ಅಲ್ಲೇ. ಈಗ ಕಾಗದ ನೋಡಿದರೆ ಮಹಡಿ ಸಮೇತ ಮನೆ ನನಗೆ, ಇಲ್ಲದ ಸೈಟು ಅವನಿಗೆ. ವಕೀಲರು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ತೆಗೆದು ತೋರಿಸಿದರು. ಇಂಥದ್ದೇ ಅಂತ ಹೆಸರಿಸಿ ಕೊಟ್ಟ ಆಸ್ತಿ ಸಾಯೋ ಹೊತ್ತಿಗೆ ಬರೆದವರ ಬಳಿ ಇಲ್ಲ ಅಂದರೆ ಆ ಕೊಡುಗೆ ಬಿದ್ದುಹೋಗುತ್ತೆ. ಮಾರಿದ ದುಡ್ಡು ಯಾವ ಇಟ್ಟಿಗೆಗೆ ಹೋಯ್ತು ಅಂತ ಉಯಿಲು ಹುಡುಕಿಕೊಂಡು ಹೋಗಲ್ಲ.

ನಾದಿನಿ ನಾಲ್ಕು ತಿಂಗಳು ನನ್ನ ಹತ್ತಿರ ಮಾತು ಬಿಟ್ಟಳು. ತಮ್ಮ ಒಂದು ಸಂಜೆ ಸಿಮೆಂಟು, ಕಬ್ಬಿಣದ ರಸೀದಿಗಳನ್ನ ತಂದು ಮೇಜಿನ ಮೇಲೆ ಹರಡಿ, "ಅಕ್ಕಾ, ನಾನೇನೂ ಕೇಳ್ತಿಲ್ಲ, ಸುಮ್ನೆ ನೋಡು" ಅಂದ. ಒಂದೊಂದರ ಹಿಂದೆಯೂ ಅಪ್ಪನ ಅಕ್ಷರ: "ಮಹಡಿ, ಅವನಿಗೆ." ರಸೀದಿ ಹಿಂದೆ ಬರೆಯೋಕೆ ಪುರುಸೊತ್ತಿತ್ತು, ಉಯಿಲಲ್ಲಿ ಒಂದು ಸಾಲು ಸೇರಿಸೋಕೆ ಇರಲಿಲ್ಲ. ನನಗೆ ಅಪ್ಪನ ಮೇಲೆ ಸಿಟ್ಟು ಬಂದಿದ್ದು ಅವತ್ತೇ.

ಮಹಡಿಯನ್ನ ದಾನಪತ್ರ ಮಾಡಿ ಅವನಿಗೆ ಬರೆದುಕೊಟ್ಟೆ. ಸ್ಟಾಂಪು, ನೋಂದಣಿ ಅಂತ ಖರ್ಚು ಬೇರೆ. ಅಪ್ಪನೇ ಉಯಿಲು ಬದಲಾಯಿಸಿದ್ದರೆ ಅದಕ್ಕೆ ಸ್ಟಾಂಪ್ ಪೇಪರೂ ಬೇಕಿರಲಿಲ್ಲ, ಬಿಳಿ ಹಾಳೆಯಲ್ಲೇ ಆಗ್ತಿತ್ತು.

ನಿಮ್ಮ ಲೆಕ್ಕಕ್ಕೆ ಬರ್ತೀನಿ. ನೀವು ಹಿಂದೂ ಅಂದುಕೊಂಡು ಹೇಳ್ತಿದ್ದೀನಿ, ಬೇರೆಯವರಿಗೆ ಕಾನೂನು ಬೇರೆ. ಉಯಿಲಿಲ್ಲದೆ ಹೋದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಫ್ಲ್ಯಾಟಲ್ಲಿ ಅಮ್ಮ, ಹೆಂಡತಿ, ಮಗಳು ಮೂವರಿಗೂ ಸಮಪಾಲು. ಕೇಳೋಕೆ ಚೆನ್ನಾಗಿದೆ. ಆದರೆ ಮಗಳಿಗೆ 18 ತುಂಬೋ ಮುಂಚೆ ಸಾಲ ಕಟ್ಟಲಾಗದೆ ಮಾರಬೇಕಾಗಿ ಬಂದರೆ, ಅವಳ ಪಾಲನ್ನ ಮಾರೋಕೆ ನಿಮ್ಮ ಹೆಂಡತಿ ಕೋರ್ಟಿನ ಅನುಮತಿ ತಗೋಬೇಕು. 43ಕ್ಕೆ ಉಯಿಲು ಯಾಕೆ ಅಂದರೆ ಇದಕ್ಕೇ. ಸ್ವಯಾರ್ಜಿತ ಆದ್ದರಿಂದ ಪೂರ್ತಿ ನಿಮ್ಮಿಷ್ಟದಂತೆ ಬರೀಬಹುದು. ಪಿತ್ರಾರ್ಜಿತ ಇದ್ದರೆ ಅದರಲ್ಲಿ ನಿಮ್ಮ ಪಾಲನ್ನ ಮಾತ್ರ.

ನೋಂದಣಿ ಕಡ್ಡಾಯ ಅಲ್ಲ. ಕಡ್ಡಾಯ ಅಂದರೆ ನಿಮ್ಮ ಸಹಿ, ಇಬ್ಬರು ಸಾಕ್ಷಿಗಳ ಸಹಿ. ಆಸ್ತಿ ಯಾರಿಗೆ ಹೋಗುತ್ತೋ ಅವರನ್ನ ಸಾಕ್ಷಿಗೆ ಕೂರಿಸಬೇಡಿ, ನಾಳೆ ಕೊಂಕು ತೆಗೆಯೋರಿಗೆ ಅದೇ ಸಾಕು. ಸಾಕ್ಷಿಗಳು ಒಳಗೆ ಏನಿದೆ ಅಂತ ಓದಬೇಕಾಗಿಲ್ಲ.

ತಿದ್ದಬೇಕು ಅನ್ನಿಸಿದಾಗ ಹಳೇ ಹಾಳೆ ಮೇಲೆ ಗೀಚಿ ಪಕ್ಕದಲ್ಲಿ ಬರೀಬೇಡಿ. ಸಾಕ್ಷಿಗಳ ಸಹಿ ಇಲ್ಲದ ತಿದ್ದುಪಡಿಗೆ ಬೆಲೆ ಇಲ್ಲ. ಹೊಸದಾಗಿ ಬರೆದು, "ಇದಕ್ಕೆ ಹಿಂದಿನ ಎಲ್ಲಾ ಉಯಿಲುಗಳನ್ನೂ ರದ್ದು ಮಾಡಿದ್ದೇನೆ" ಅಂತ ಸೇರಿಸಿ, ತಾರೀಕು ಹಾಕಿ. ಪದೇ ಪದೇ ಏನಿಲ್ಲ. ಏನಾದರೂ ಕೊಂಡಾಗ, ಮಾರಿದಾಗ, ಮನೇಲಿ ಹುಟ್ಟು ಸಾವು ಮದುವೆ ಆದಾಗ ಒಂದು ಸಲ ತೆಗೆದು ಓದಿ, ಸಾಕು.

ಎರಡನೇ ಪಾಳಿ

ಷೇರಿನ ನಾಮಿನಿ ಇವತ್ತೇ ಆನ್‌ಲೈನಲ್ಲಿ ಬದಲಾಯಿಸಿದೆ, ಹತ್ತು ನಿಮಿಷದ ಕೆಲಸ, ಹದಿನೈದು ವರ್ಷ ಮಾಡಿರಲಿಲ್ಲ. ಒಂದು ಗೊಂದಲ. ಫ್ಲ್ಯಾಟ್ ಪೂರ್ತಿ ಹೆಂಡತಿಗೆ ಬರೆದರೆ ಅಮ್ಮನ್ನ ಬಿಟ್ಟಂಗೆ ಆಗಲ್ವಾ?

ಹಳೇ ಫೈಲು

ಫ್ಲ್ಯಾಟ್ ಹೆಂಡತಿಗೆ, ಆದರೆ ಅಮ್ಮ ಇರೋವರೆಗೂ ಅಲ್ಲಿ ವಾಸ ಮಾಡೋ ಹಕ್ಕು ಅವರಿಗೆ ಅಂತ ಸೇರಿಸಬಹುದು. ವಕೀಲರ ಕೈಲೇ ಬರೆಸಿ, ಪದ ಹೆಚ್ಚುಕಮ್ಮಿ ಆದರೆ ಅರ್ಥ ತಿರುಗುತ್ತೆ. ಹೆಂಡತಿ ನಿಮಗಿಂತ ಮುಂಚೆ ಹೋದರೆ ಯಾರಿಗೆ ಅನ್ನೋದನ್ನೂ ಬರೆಸಿ. ಆ ಸಾಲು ಇಲ್ಲದಿದ್ದರೆ ಅವರಿಗೆ ಬರೆದದ್ದು ಅಲ್ಲಿಗೇ ನಿಂತುಹೋಗುತ್ತೆ. ಸಾಲವೂ ಫ್ಲ್ಯಾಟಿನ ಬೆನ್ನಿಗೇ ಬರುತ್ತೆ, ಅದು ತಲೇಲಿರಲಿ.

ಎರಡನೇ ಪಾಳಿ

ಸರಿ. ಸಾಕ್ಷಿಗೆ ಅಮ್ಮನ ತಮ್ಮ ಆಗ್ತಾರಾ? 71 ವರ್ಷ, ನಂಬಿಕಸ್ಥರು.

ಹಿರಿಮಗಳು

ಮಾವನವರನ್ನ ಬಿಡಿ, ನಿಮಗಿಂತ ಚಿಕ್ಕವರನ್ನ ಹಿಡೀರಿ. ಕೋರ್ಟಿಗೆ ಹೋದರೆ ಒಬ್ಬ ಸಾಕ್ಷಿಯಾದರೂ ಬಂದು ಹೇಳಬೇಕು. ಬರೋಕೆ ಯಾರೂ ಇಲ್ಲದಿದ್ದರೆ ಅಕ್ಷರ ಇವರದೇ ಅಂತ ಸಾಬೀತು ಮಾಡೋ ದೊಡ್ಡ ಕಥೆ. ಸಾಕ್ಷಿಗಳ ಪೂರ್ತಿ ಹೆಸರು, ವಿಳಾಸ, ಫೋನ್ ನಂಬರ್ ಬರೆಸಿ. ಅಪ್ಪನ ಉಯಿಲಲ್ಲಿ ಒಬ್ಬ ಸಾಕ್ಷಿ ತೀರಿಕೊಂಡಿದ್ದರು. ಇನ್ನೊಬ್ಬರದು ಬರೀ ಸುರುಳಿ ಸುತ್ತಿದಂಥ ಒಂದು ಸಹಿ. ಯಾರದು ಅಂತ ಪತ್ತೆ ಹಚ್ಚೋಕೆ ಮೂರು ವಾರ ಹಿಡೀತು. ಹುಡುಕಿಕೊಂಡು ಹೋದರೆ ಅವರಿಗೆ ಸ್ವಂತ ಮಗನ ಗುರುತೇ ಸಿಗ್ತಿರಲಿಲ್ಲ. ನನ್ನನ್ನ ಯಾರೋ ನರ್ಸ್ ಅಂದುಕೊಂಡು ಕೈ ಮುಂದೆ ಚಾಚಿದರು, ರಕ್ತದೊತ್ತಡ ನೋಡು ಅಂತ.