ಸಹಾಯ ಬೇಕು: ಪಿಎಸ್2 (ಸೋನಿಯ ಪ್ಲೇಸ್ಟೇಷನ್ 2 ಗೇಮ್ ಯಂತ್ರ) ಹಳೆ ಗೇಮಿನ ಸಾಲಿಗೆ ಸೇರ್ತದಾ?

ಉಡುಪಿಯಲ್ಲಿ ಹಳೆ ವಿಡಿಯೋ ಗೇಮ್ ಆಡುವ ಒಂದು ಸಂಜೆ ಇಡ್ತಾ ಇದ್ದೇವೆ. ಯಾವುದು ಹಳತು ಎಂಬುದೇ ತಕರಾರು. 20 ವರ್ಷ ಅಂತ ಗೆರೆ ಎಳೆದರೆ 2004ರ ಜಿಟಿಎ ಗೇಮ್ ಸ್ಯಾನ್ ಆಂಡ್ರಿಯಾಸ್ ಕೂಡ ಒಳಗೆ. ಅದು ಫೋನಿನಲ್ಲೇ ಓಡ್ತದೆ ಮಾರಾಯ್ರೆ! ವರ್ಷಕ್ಕಿಂತ ಟಿವಿ ನೋಡಿ ತೀರ್ಮಾನಿಸುವುದು ಸರಿ: ಹಳೆ ಪಿಕ್ಚರ್ ಟ್ಯೂಬ್ ಟಿವಿಯೇ ಬೇಕೆಂದರೆ ಅದು ಹಳತು. ಬಾತುಕೋಳಿಗೆ ಗುರಿಯಿಡುವ ನಿಂಟೆಂಡೊ ಗೇಮ್ ಡಕ್ ಹಂಟ್‌ನ ಆಟಿಕೆ ಗನ್ ಎಲ್‌ಸಿಡಿಯಲ್ಲಿ ಕೆಲಸ ಮಾಡುವುದೇ ಇಲ್ಲ, ಅದಕ್ಕೆ ಪಿಕ್ಚರ್ ಟ್ಯೂಬಿನ ಬೆಳಕು ಆ ಕ್ಷಣಕ್ಕೇ ಸಿಗಬೇಕು. ಹಾಗಾಗಿ ಅದು ಹಳತೇ. 2000ದ ಪಿಎಸ್2 ಮಾತ್ರ ಗಡಿಯಲ್ಲಿ: ಹಳದಿ ಎವಿ ಪಿನ್ ಎಲ್‌ಸಿಡಿಗೆ ಚುಚ್ಚಿದರೆ ಚಿತ್ರ ಬರ್ತದೆ, ಆದರೆ ಒತ್ತಿದ ಬಟನ್ ತಡವಾಗಿ ಕಾಣ್ತದೆ. ಸೇರಿಸುವುದಾ, ಬಿಡುವುದಾ?

ಮತ್ತೆ, ಮಂಗಳೂರು–ಮಣಿಪಾಲದ ಕಡೆ ಯಾರ ಹತ್ತಿರವಾದರೂ ಎವಿ ಇನ್‌ಪುಟ್ ಇರುವ 21 ಇಂಚಿನ ಡಬ್ಬಾ ಟಿವಿ ಉಂಟಾ? ಉಪ್ಪುಗಾಳಿಗೆ ಪಿನ್ ಕಿಲುಬು ಹಿಡಿದಿದ್ದರೂ ಅಡ್ಡಿಯಿಲ್ಲ, ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಉಜ್ಜಿಕೊಳ್ತೇವೆ. ಟ್ಯೂಬ್ ಸರಿ ಇದ್ದರೆ ಸಾಕು.