ಹಳೇ ಎಟಿವಿ, ಎಂಜಿನ್ನಿನ ಎಡಗಡೆ ಆಯಿಲ್ ಸೋರುತ್ತಿದೆ. ಎಲ್ಲಿಂದ ಅಂತ ಹಿಡಿಯೋದು ಹೇಗೆ?

ಕೆಸರುಗಾಲಿ:

ಎಲ್ಲರಿಗೂ ನಮಸ್ಕಾರ. ಇತ್ತೀಚೆಗೆ ಒಂದು ಸೆಕೆಂಡ್ ಹ್ಯಾಂಡ್ ಎಟಿವಿ (ಕಚ್ಚಾ ದಾರಿಯಲ್ಲಿ ಓಡಿಸುವ ನಾಲ್ಕು ಚಕ್ರದ ಗಾಡಿ) ತಗೊಂಡೆ. 400 ಸಿಸಿ, ಒಂದೇ ಸಿಲಿಂಡರ್, ಫೋರ್ ಸ್ಟ್ರೋಕ್, ಕಾರ್ಬ್ಯುರೇಟರ್ ಗಾಡಿ. ಬೆಲ್ಟ್ ಇರುವುದಲ್ಲ, ಎಡಗಾಲಲ್ಲಿ ಗೇರ್ ಹಾಕುವ ಮಾಡೆಲ್. ನೋಡೋಕೆ ಹೋದಾಗ ಎಂಜಿನ್ ಫಳಫಳ ಹೊಳೆಯುತ್ತಿತ್ತು. ಈಗ ಅನ್ನಿಸುತ್ತಿದೆ, ಮಾರುವ ಮೊದಲು ಯಾಕೆ ಅಷ್ಟು ಚೆನ್ನಾಗಿ ತೊಳೆದಿದ್ದರು ಅಂತ.

ಸಮಸ್ಯೆ ಇದು. ಗಾಡಿ ಸುಮ್ನೆ ನಿಂತಿದ್ದರೆ ಒಂದು ಹನಿಯೂ ಇಲ್ಲ. ಸ್ಟಾರ್ಟ್ ಮಾಡಿ ಐಡಲ್‌ನಲ್ಲಿ ಬಿಟ್ಟರೂ ಇಲ್ಲ. ಏರು ಹತ್ತಿಸಿ, ಎಳೆದು ಓಡಿಸಿ ಬಂದು ನಿಲ್ಲಿಸಿದರೆ ಮಾತ್ರ ಕೆಳಗೆ ಇಟ್ಟ ರಟ್ಟಿನ ಮೇಲೆ ಅಂಗೈ ಅಗಲದ ಕಲೆ. ಗೇರ್ ಲಿವರ್ ಹತ್ತಿರ, ಅದರ ಹಿಂದೆ, ಮ್ಯಾಗ್ನೆಟ್ ಕವರಿನ (ಕರೆಂಟ್ ಹುಟ್ಟಿಸುವ ಮ್ಯಾಗ್ನೆಟ್ ಮೇಲಿನ ಮುಚ್ಚಳ) ಕೆಳಗಿನ ಅಂಚು, ಫುಟ್‌ರೆಸ್ಟ್ ಕಂಬಿ ಎಲ್ಲಾ ಒದ್ದೆ. ಡ್ರೈನ್ ಬೋಲ್ಟಿನ ವಾಷರ್ ಹೊಸದು ಹಾಕಿದೆ, ವ್ಯತ್ಯಾಸ ಇಲ್ಲ. ಒಬ್ಬ ಮೆಕ್ಯಾನಿಕ್ ನೋಡಿ, ಕವರ್ ಬಿಚ್ಚಿ ಗ್ಯಾಸ್ಕೆಟ್ ಹಾಕೋಣ, ಜೊತೆಗೆ ಗೇರ್ ಶಾಫ್ಟ್ ಸೀಲನ್ನೂ ಬದಲಿಸೋಣ ಅಂದರು. ಬಿಚ್ಚಿಸೋದಾ ಬೇಡವಾ?

ಅರ್ಧಕ್ಲಚ್:

ನನ್ನದರಲ್ಲೂ ಹೀಗೇ ಇತ್ತು, ಗೇರ್ ಶಾಫ್ಟ್ ಸೀಲೇ ಹೋಗಿತ್ತು. ಆಯಿಲ್‌ಗೆ ಹಾಕುವ ಲೀಕ್ ಸ್ಟಾಪ್ ಡಬ್ಬಿ ಬರುತ್ತದೆ, ಮೊದಲು ಅದನ್ನು ಹಾಕಿ ನೋಡಿ. ಆಗದಿದ್ದರೆ ಹೊರಗಿನಿಂದ ಸಿಲಿಕೋನ್ ಮೆತ್ತಿ. ಹಳೇ ಗಾಡಿಗೆ ಅಷ್ಟು ಸಾಕು.

ಹಳೇಸ್ಪ್ಯಾನರ್:

ಡಬ್ಬಿ ಈಗಲೇ ಬೇಡ ಸಾರ್. ಕಾಲಲ್ಲಿ ಗೇರ್ ಹಾಕುವ ಈ ಥರದ ಎಟಿವಿಗಳಲ್ಲಿ ಕ್ಲಚ್ ಪ್ಲೇಟುಗಳು ಎಂಜಿನ್ ಆಯಿಲ್‌ನಲ್ಲೇ ಮುಳುಗಿರುತ್ತವೆ. ಆಯಿಲ್‌ಗೆ ಏನು ಬೆರೆಸಿದರೂ ಅದು ಪ್ಲೇಟಿನ ಮೇಲೂ ಹೋಗುತ್ತದೆ. ಕಾರಿಗೆ ಅಂತ ಮಾಡಿದ ಡಬ್ಬಿ ಹಾಕಿ ಕ್ಲಚ್ ಜಾರಿದ ಗಾಡಿಗಳನ್ನು ಬಿಚ್ಚಿದ್ದೇನೆ. ಆಯಿಲ್ ಕೊಳ್ಳುವಾಗಲೂ ಡಬ್ಬಿ ಮೇಲೆ ಜಾಸೋ ಎಂಎ ಅಂತ ಇದೆಯಾ ನೋಡಿ. ಒದ್ದೆ ಕ್ಲಚ್‌ಗೆ ಆಗುವ ಆಯಿಲ್ ಅಂತ ಅದರ ಗುರುತು. ಇನ್ನು ಹೊರಗಿನಿಂದ ಸಿಲಿಕೋನ್ ಮೆತ್ತೋದು ಬರೀ ಗಲೀಜು. ಜಿಡ್ಡಿನ ಮೇಲೆ ಅದು ಹಿಡಿಯುವುದೇ ಇಲ್ಲ.

ಕೆಸರುಗಾಲಿ ಅವರೇ, ನೀವು ಬರೆದಿದ್ದರಲ್ಲಿ ಒಂದು ಮಾತು ನನಗೆ ಮುಖ್ಯ ಅನ್ನಿಸಿತು. ಐಡಲ್‌ನಲ್ಲಿ ಸೋರಲ್ಲ, ಎಳೆದಾಗ ಮಾತ್ರ ಸೋರುತ್ತದೆ ಅಂದಿರಿ. ಹರಿದ ಗ್ಯಾಸ್ಕೆಟ್ ಸಾಮಾನ್ಯವಾಗಿ ಅಷ್ಟು ನಾಜೂಕಾಗಿ ನಡ್ಕೊಳ್ಳಲ್ಲ. ಗಾಡಿ ನಿಂತಿದ್ದರೂ ಸ್ವಲ್ಪವಾದರೂ ಜಿನುಗುತ್ತಾ ಇರುತ್ತದೆ. ನನಗೆ ಮೊದಲು ಅನುಮಾನ ಬರೋದು ಚೇಂಬರ್ (ಪಿಸ್ಟನ್ ಅಡಿಯ ಕ್ರ್ಯಾಂಕ್ ಕೇಸ್) ಒಳಗಿನ ಒತ್ತಡದ ಮೇಲೆ.

ಪಿಸ್ಟನ್ ಕೆಳಗೆ ಬಂದಾಗಲೆಲ್ಲ ಅದರ ಅಡಿಯ ಗಾಳಿಯನ್ನು ಸೈಕಲ್ ಪಂಪಿನ ಹಾಗೆ ಒತ್ತುತ್ತದೆ. ನಿಮ್ಮದು 400 ಸಿಸಿ ಸಿಂಗಲ್, ಅಂದರೆ ಒಂದು ಸುತ್ತಿಗೆ ಹೆಚ್ಚುಕಡಿಮೆ 400 ಸಿಸಿ ಗಾಳಿಗೆ ಜಾಗ ಬೇಕು. 6000 ಆರ್‌ಪಿಎಂನಲ್ಲಿ ಇದು ಸೆಕೆಂಡಿಗೆ 100 ಸಲ. ಜೊತೆಗೆ ಪಿಸ್ಟನ್ ರಿಂಗ್ ಪಕ್ಕದಿಂದ ನುಸುಳಿ ಬರುವ ಗ್ಯಾಸ್ ಬೇರೆ. ಎರಡು ಸಿಲಿಂಡರಿನ ಕೆಲವು ಎಂಜಿನ್‌ಗಳಲ್ಲಿ ಒಂದು ಪಿಸ್ಟನ್ ಇಳಿದರೆ ಇನ್ನೊಂದು ಏರಿ ಸರಿದೂಗಿಸುತ್ತದೆ, ನಿಮ್ಮದರಲ್ಲಿ ಆ ಸೌಲಭ್ಯ ಇಲ್ಲ. ಈ ಗಾಳಿಗೆ ಇರುವ ದಾರಿ ಬ್ರೀದರ್ ಪೈಪ್. ಅದು ಕಟ್ಟಿಕೊಂಡಿದ್ದರೆ ಯಾವ ಸೀಲು ಎಲ್ಲಕ್ಕಿಂತ ಬಡಪಾಯಿಯೋ ಅದರಿಂದ ಆಯಿಲ್ ಹೊರಗೆ ಬರುತ್ತದೆ. ನೀವು ಆ ಸೀಲ್ ಬದಲಿಸಿದರೆ ಮುಂದಿನ ಸರದಿ ಇನ್ನೊಂದರದ್ದು.

ಹಾಗಾಗಿ ಕವರಿಗೆ ಕೈ ಹಚ್ಚುವ ಮೊದಲು ಸ್ವಲ್ಪ ನೋಡಿ. ಆಯಿಲ್ ಕಡ್ಡಿ ತೆಗೆದು ಮೂಸಿ. ಪೆಟ್ರೋಲ್ ವಾಸನೆ ಬಂದರೆ, ಲೆವೆಲ್ ಕೂಡ ಗುರುತಿಗಿಂತ ಮೇಲಿದ್ದರೆ, ಕಾರ್ಬ್ಯುರೇಟರಿನ ಫ್ಲೋಟ್ ಸೂಜಿ ಸರಿಯಾಗಿ ಮುಚ್ಚದೆ ಪೆಟ್ರೋಲ್ ಎಂಜಿನ್ನಿಗೆ ಇಳಿಯುತ್ತಿದೆ ಅಂತ ಅರ್ಥ. ಹಾಗಿದ್ದರೆ ಗಾಡಿ ಸ್ಟಾರ್ಟ್ ಮಾಡಲೇಬೇಡಿ, ತೆಳುವಾದ ಆಯಿಲ್‌ನಲ್ಲಿ ಬೇರಿಂಗ್ ಹೋಗುತ್ತದೆ. ಲೆವೆಲ್ ನೋಡುವ ರೀತಿಯೂ ಗಾಡಿಯಿಂದ ಗಾಡಿಗೆ ಬೇರೆ. ಕೆಲವದರಲ್ಲಿ ಕಡ್ಡಿಯನ್ನು ತಿರುಗಿಸದೆ ಸುಮ್ನೆ ಇಳಿಸಿ ನೋಡಬೇಕು, ಕೆಲವದರಲ್ಲಿ ಪೂರ್ತಿ ತಿರುಗಿಸಬೇಕು. ಬೇರೆ ಆಯಿಲ್ ಟ್ಯಾಂಕ್ ಇರುವ ಗಾಡಿಗಳದ್ದು ಇನ್ನೊಂದು ತಕರಾರು. ತುಂಬಾ ದಿನ ನಿಂತರೆ ಟ್ಯಾಂಕಿನ ಆಯಿಲ್ ಚೇಂಬರಿಗೆ ಇಳಿದು ಕಡ್ಡಿಯಲ್ಲಿ ಕಡಿಮೆ ತೋರಿಸುತ್ತದೆ. ಜನ ಮೇಲೆ ಇನ್ನಷ್ಟು ಸುರಿಯುತ್ತಾರೆ, ಆಮೇಲೆ ಅದು ಎಲ್ಲೆಲ್ಲಿಂದಲೋ ಉಗುಳುತ್ತದೆ. ಅಂಥ ಗಾಡಿಯಲ್ಲಿ ಎಂಜಿನ್ ಓಡಿಸಿ ಬಿಸಿ ಮಾಡಿಯೇ ಲೆವೆಲ್ ನೋಡಬೇಕು. ನಿಮ್ಮ ಗಾಡಿಯ ಮ್ಯಾನುಯಲ್ ಏನು ಹೇಳುತ್ತದೋ ಅದೇ ಪ್ರಮಾಣ.

ವಾಸನೆ, ಲೆವೆಲ್ ಎರಡೂ ಸರಿ ಇದ್ದರೆ ಎಂಜಿನ್ನಿನ ಎಡಭಾಗ ಪೂರ್ತಿ ಡಿಗ್ರೀಸರ್ ಹಾಕಿ ತೊಳೆಯಿರಿ. ಎಂಜಿನ್ ತಣ್ಣಗಿರಲಿ, ಬಿಸಿ ಸೈಲೆನ್ಸರ್ ಮೇಲೆ ಸ್ಪ್ರೇ ಹೊಡೆಯಬೇಡಿ. ಮ್ಯಾಗ್ನೆಟ್ ಕವರಿನ ವೈರ್ ಹೊರಗೆ ಬರುವ ಜಾಗ, ಗೇರ್ ಶಾಫ್ಟ್ ಸುತ್ತ, ಸಿಲಿಂಡರ್ ಬುಡ, ಟೈಮಿಂಗ್ ಚೈನ್ ಟೆನ್ಶನರ್ ಕೂರುವ ಜಾಗ, ಮೇಲೆ ಟ್ಯಾಪೆಟ್ ಕವರ್, ಇವಿಷ್ಟೂ ಒಣಗಿರಬೇಕು. ಅದರ ಮೇಲೆ ಟಾಲ್ಕಂ ಪೌಡರ್ ತೆಳ್ಳಗೆ ಉದುರಿಸಿ. ಆಮೇಲೆ ಸ್ವಲ್ಪ ದೂರ ಎಳೆದು ಓಡಿಸಿ ಬಂದು ಟಾರ್ಚ್ ಹಾಕಿ ನೋಡಿ. ಬಿಳಿ ಪುಡಿಯಲ್ಲಿ ಕಂದು ಗೆರೆ ಎದ್ದು ಕಾಣುತ್ತದೆ. ಹನಿ ಬೀಳುವ ಜಾಗ ಬಿಡಿ, ಗೆರೆಯ ಮೇಲ್ತುದಿ ಎಲ್ಲಿದೆ ಅಂತ ಹುಡುಕಿ. ಆಯಿಲ್ ಇಳಿದು ಬರುತ್ತದೆ, ಗಾಳಿಗೆ ಹಿಂದಕ್ಕೂ ಹೋಗುತ್ತದೆ. ಟ್ಯಾಪೆಟ್ ಕವರಿನಿಂದ ಹೊರಟಿದ್ದು ಗೇರ್ ಲಿವರಿನಲ್ಲಿ ತೊಟ್ಟಿಕ್ಕಬಹುದು.

ಆ ಓಟ ಮುಗಿಸಿ ನಿಲ್ಲಿಸಿದ ತಕ್ಷಣ ಆಯಿಲ್ ಕಡ್ಡಿಯನ್ನು ಬಟ್ಟೆ ಹಿಡಿದು ನಿಧಾನ ಸಡಿಲಿಸಿ. ಪುಸ್ ಅಂತ ಗಾಳಿ ಬಂದರೆ ಬ್ರೀದರ್ ಪೈಪನ್ನು ತುದಿವರೆಗೂ ಹಿಂಬಾಲಿಸಿ. ಟ್ಯಾಂಕ್ ಕೆಳಗೆ ಮಡಚಿರುತ್ತದೆ, ಇಲ್ಲಾ ಕೆಸರು ತುಂಬಿರುತ್ತದೆ.

ಮರಳುಗುಡ್ಡ:

ಮೇಲೆ ಹೇಳಿದ್ದು ಸರಿ. ಆದರೂ ಅದು ಎಂಜಿನ್ ಆಯಿಲೇ ಅಂತ ಖಾತ್ರಿ ಮಾಡ್ಕೊಳ್ಳಿ. ಡಿಫರೆನ್ಷಿಯಲ್ (ಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಡಬ್ಬಿ) ಆಯಿಲ್ ಆದರೆ ಗಂಧಕದ ಕೆಟ್ಟ ವಾಸನೆ ಬರುತ್ತದೆ, ಒಮ್ಮೆ ಮೂಸಿದರೆ ಮರೆಯಲ್ಲ. ನೀರಿನಿಂದ ತಣ್ಣಗಾಗುವ ಎಂಜಿನ್ ಆದರೆ ವಾಟರ್ ಪಂಪಿನ ಅಡಿ ಒಂದು ಸಣ್ಣ ತೂತು ಇರುತ್ತದೆ. ಅಲ್ಲಿಂದ ಕೂಲೆಂಟ್ ಬಂದರೆ ಒಂದು ಸೀಲ್ ಹೋಗಿದೆ, ಆಯಿಲ್ ಬಂದರೆ ಇನ್ನೊಂದು. ಆ ತೂತನ್ನು ಮಾತ್ರ ಮುಚ್ಚಬೇಡಿ.

ಕೆಸರುಗಾಲಿ:

ಸಿಕ್ಕಿತು ಅನ್ನಿಸುತ್ತದೆ! ಆಯಿಲ್‌ನಲ್ಲಿ ಪೆಟ್ರೋಲ್ ವಾಸನೆ ಇಲ್ಲ, ಲೆವೆಲ್ ಸರಿ ಇದೆ. ಏರ್ ಕೂಲ್ಡ್ ಗಾಡಿ, ಹಾಗಾಗಿ ವಾಟರ್ ಪಂಪ್ ಮಾತೇ ಇಲ್ಲ. ತೊಳೆದು, ಪೌಡರ್ ಹಾಕಿ, ಏರು ಹತ್ತಿಸಿ ಬಂದೆ. ಕಡ್ಡಿ ಸಡಿಲಿಸಿದೆ, ಪುಸ್ ಅನ್ನೋದಿರಲಿ, ಬಟ್ಟೆಯ ಮೇಲೆ ಆಯಿಲ್ ಚಿಮ್ಮಿತು.

ಬ್ರೀದರ್ ಪೈಪ್ ಹಿಂಬಾಲಿಸಿದರೆ ವಿಚಿತ್ರ. ಅದು ಏರ್ ಫಿಲ್ಟರ್ ಡಬ್ಬಿಗೆ ಹೋಗಬೇಕು ಅಲ್ವಾ? ಹಿಂದಿನವರು ಅಲ್ಲಿಂದ ಕಿತ್ತು, ಉದ್ದ ಮಾಡಿ, ಹ್ಯಾಂಡಲ್ ಹತ್ತಿರ ಡಿಫರೆನ್ಷಿಯಲ್‌ನ ಬ್ರೀದರ್ ಪೈಪುಗಳ ಜೊತೆ ಟೈ ಹಾಕಿ ಕಟ್ಟಿದ್ದಾರೆ. ನೀರಲ್ಲಿ ಇಳಿಸೋಕೆ ಇರಬೇಕು. ಡಬ್ಬಿಯ ತೂತಿಗೆ ಟೇಪ್. ಪೈಪಿನ ತುದಿಯಲ್ಲಿ ಕಣಜ ಮಣ್ಣು ಮೆತ್ತಿ ಗೂಡು ಕಟ್ಟಿದೆ! ಸ್ಕ್ರೂಡ್ರೈವರಿನಲ್ಲಿ ಕುಟ್ಟಿ ತೆಗೆಯಬೇಕಾಯಿತು, ಅಷ್ಟು ಗಟ್ಟಿ. ಪೈಪ್ ಬಿಚ್ಚಿಕೊಂಡು ಹೊರಗೆ ಇಟ್ಟು ಕೆಲಸ ಮಾಡಿದ್ದರಿಂದ ಮಣ್ಣು ಒಳಗೆ ಬಿದ್ದಿಲ್ಲ.

ಆಮೇಲೆ ಮತ್ತೆ ಓಡಿಸಿದೆ. ರಟ್ಟಿನ ಮೇಲೆ ಕಲೆ ಇಲ್ಲ. ಆದರೆ ಪೌಡರಿನಲ್ಲಿ ಒಂದು ಸಣ್ಣ ಗೆರೆ ಇನ್ನೂ ಇದೆ, ಮ್ಯಾಗ್ನೆಟ್ ಕವರಿನಿಂದ ವೈರ್ ಹೊರಗೆ ಬರುವ ರಬ್ಬರಿನಿಂದ ಹೊರಟು ಗೇರ್ ಶಾಫ್ಟ್ ಕಡೆ ಇಳಿದಿದೆ. ಗೇರ್ ಶಾಫ್ಟಿನ ಮೇಲ್ಭಾಗ ಒಣಗಿಯೇ ಇದೆ. ಇನ್ನೊಂದು ಪ್ರಶ್ನೆ, ರಿಂಗ್ ಹೋಗಿ ಒತ್ತಡ ಜಾಸ್ತಿ ಆಗಿರಬಹುದಾ?

ಹಳೇಸ್ಪ್ಯಾನರ್:

ಕಣಜ! ಕೆಸರು ನಿರೀಕ್ಷಿಸಿದ್ದೆ, ಇದನ್ನಲ್ಲ.

ರಿಂಗ್ ಬಗ್ಗೆ: ಬ್ರೀದರ್ ಬಾಯಿಗೆ ಕೈ ಹಿಡಿದು ಎಂಜಿನ್ ಓಡಿಸಿ. ಗಾಳಿ ಒಳಗೆ ಹೊರಗೆ ಮಿಡಿಯುತ್ತಿದ್ದರೆ ಸಿಂಗಲ್ ಸಿಲಿಂಡರಿಗೆ ಅದು ಸಹಜ. ಬಿಸಿಯಾದ ಎಂಜಿನ್ನಿನಿಂದ ಹೊಗೆ ಸಮೇತ ಒಂದೇ ಸಮನೆ ಹೊರಗೆ ನೂಕುತ್ತಿದ್ದರೆ ರಿಂಗ್ ಬಗ್ಗೆ ಯೋಚಿಸಿ. ಯಾರಾದರೂ ಕಂಪ್ರೆಷನ್ ಗೇಜ್ ಹಾಕಿ ಕಡಿಮೆ ಇದೆ, ಬೋರ್ ಮಾಡಿಸಿ ಅಂದರೆ ತಕ್ಷಣ ಒಪ್ಪಬೇಡಿ. ಸ್ಟಾರ್ಟಿಂಗ್ ಹಗುರ ಆಗಲಿ ಅಂತ ಬಹಳ ಎಟಿವಿಗಳ ಕ್ಯಾಮ್‌ನಲ್ಲಿ ಡೀಕಂಪ್ರೆಸರ್ ಇರುತ್ತದೆ, ಸ್ಟಾರ್ಟ್ ಮಾಡುವಾಗ ಸಿಲಿಂಡರಿನ ಒತ್ತಡ ಸ್ವಲ್ಪ ಹೊರಗೆ ಬಿಡುವ ವ್ಯವಸ್ಥೆ ಅದು. ಅದರಿಂದ ಒಳ್ಳೆ ಎಂಜಿನ್ನೂ ಗೇಜಿನಲ್ಲಿ ಕಡಿಮೆ ತೋರಿಸುತ್ತದೆ. ಲೀಕ್ ಡೌನ್ ಟೆಸ್ಟ್ (ಸಿಲಿಂಡರಿಗೆ ಗಾಳಿ ತುಂಬಿ ಎಷ್ಟು ಸೋರುತ್ತದೆ ಅಂತ ನೋಡೋದು) ಮಾಡಿಸಿದರೆ ನಂಬಬಹುದು.

ಪೈಪನ್ನು ಏರ್ ಫಿಲ್ಟರ್ ಡಬ್ಬಿಗೇ ವಾಪಸ್ ಹಾಕಿ. ಅದು ಉಸಿರು ಬಿಡುವುದಷ್ಟೇ ಅಲ್ಲ, ಎಳೆದುಕೊಳ್ಳುತ್ತದೆ ಕೂಡ. ಹ್ಯಾಂಡಲ್ ಹತ್ತಿರ ಬಾಯಿ ತೆರೆದಿದ್ದರೆ ದೂಳು ನೇರ ಚೇಂಬರಿಗೆ. ಡಬ್ಬಿಗೆ ಹಾಕಿದ ಮೇಲೆ ಫಿಲ್ಟರ್ ಪದೇಪದೇ ಆಯಿಲ್‌ನಲ್ಲಿ ನೆನೆಯುತ್ತಿದ್ದರೆ ಆಗ ಬಂದು ಹೇಳಿ.

ವೈರ್ ರಬ್ಬರಿಗೆ ಕವರ್ ಬಿಚ್ಚಲೇಬೇಕು, ಹೊರಗಿನಿಂದ ಆಗಲ್ಲ. ಆಯಿಲ್ ಡ್ರೈನ್ ಮಾಡಿ. ಮ್ಯಾಗ್ನೆಟ್ ಎಳೆತದಿಂದ ಕವರ್ ಸುಲಭಕ್ಕೆ ಬರಲ್ಲ, ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ. ಆ ಗೀರೇ ಮುಂದಿನ ಲೀಕ್. ರಬ್ಬರ್ ಸುತ್ತಿಗೆಯಲ್ಲಿ ಸುತ್ತಲೂ ಮೆಲ್ಲಗೆ ತಟ್ಟಿ, ಸಮವಾಗಿ ಎಳೆಯಿರಿ. ಒಳಗಿನ ಗೇರು, ವಾಷರ್ ಕವರಿಗೆ ಅಂಟಿಕೊಂಡು ಬಂದು ಬೀಳಬಹುದು, ಕೆಳಗೆ ಟ್ರೇ ಇಡಿ, ಯಾವ ಕ್ರಮದಲ್ಲಿತ್ತು ಅಂತ ಫೋಟೋ ತೆಗೀರಿ. ಬೋಲ್ಟುಗಳ ಉದ್ದ ಬೇರೆ ಬೇರೆ ಇರುತ್ತದೆ. ರಟ್ಟಿನ ಮೇಲೆ ಕವರಿನ ಆಕಾರ ಬರೆದು ಅಲ್ಲಲ್ಲೇ ಚುಚ್ಚಿಡಿ. ಉದ್ದದ್ದನ್ನು ಗಿಡ್ಡ ತೂತಿಗೆ ಹಾಕಿದರೆ ಚೇಂಬರೇ ಒಡೆಯುತ್ತದೆ.

ರಬ್ಬರ್ ಮತ್ತು ಅದು ಕೂರುವ ಜಾಗ ಎರಡನ್ನೂ ಬ್ರೇಕ್ ಕ್ಲೀನರ್‌ನಲ್ಲಿ ಒರೆಸಿ, ಆಯಿಲ್ ತಡೆಯುವ ಸಿಲಿಕೋನ್ ತೆಳ್ಳಗೆ ಹಚ್ಚಿ ಕೂರಿಸಿ. ಅಲ್ಲಿಗೆ ಮಾತ್ರ ಸಿಲಿಕೋನ್. ಗ್ಯಾಸ್ಕೆಟ್ ಹೊಸದು, ಏನೂ ಬಳಿಯದೆ ಹಾಗೇ ಹಾಕಿ. ಅದಕ್ಕೂ ಬಳಿದರೆ ಹೆಚ್ಚಾದದ್ದು ಒಳಗೆ ಕಿತ್ತು ಬಂದು ಆಯಿಲ್ ಜಾಲರಿಗೆ ಹೋಗಿ ಕೂರುತ್ತದೆ. ಕವರಿನ 6 ಎಂಎಂ ಬೋಲ್ಟುಗಳಿಗೆ ಸಾಮಾನ್ಯವಾಗಿ 10 ನ್ಯೂಟನ್ ಮೀಟರ್ ಆಸುಪಾಸು ಬಿಗಿ ಸಾಕು, ಎದುರುಬದುರು ಬಿಗಿಯುತ್ತಾ ಬನ್ನಿ. ಚೇಂಬರ್ ಅಲ್ಯೂಮಿನಿಯಂ, ಉದ್ದ ಹಿಡಿಯ ಸ್ಪ್ಯಾನರ್ ಹಾಕಿ ಬಲ ತೋರಿಸಿದರೆ ಥ್ರೆಡ್ ಹೋಗುತ್ತದೆ.

ಗೇರ್ ಶಾಫ್ಟ್ ಸೀಲ್ ಈಗ ಮುಟ್ಟಬೇಡಿ. ಒಣಗಿದೆ ಅಂದಿರಲ್ಲ.

ಅರ್ಧಕ್ಲಚ್:

ಕ್ಲಚ್ ವಿಷಯ ನನಗೆ ಹೊಸದು, ನನ್ನದು ಬೆಲ್ಟ್ ಗಾಡಿ.

ಕೆಸರುಗಾಲಿ:

ಧನ್ಯವಾದ ಸಾರ್. ಪೈಪ್ ಡಬ್ಬಿಗೆ ವಾಪಸ್ ಹಾಕಿದೆ. ಕೈ ಹಿಡಿದು ನೋಡಿದೆ, ಮಿಡಿತ ಇದೆ, ಹೊಗೆ ಇಲ್ಲ. ಗ್ಯಾಸ್ಕೆಟ್ ಆರ್ಡರ್ ಹಾಕಿದ್ದೇನೆ. ಅದು ಬರುವವರೆಗೆ ಓಡಿಸಬಹುದಾ?

ಹಳೇಸ್ಪ್ಯಾನರ್:

ಓಡಿಸಿ, ಪ್ರತಿ ಸಲ ಹೊರಡುವ ಮೊದಲು ಲೆವೆಲ್ ನೋಡಿ. ಸೈಲೆನ್ಸರ್ ಪೈಪಿನ ಮೇಲಾಗಲಿ ಬ್ರೇಕಿನ ಮೇಲಾಗಲಿ ಜಿಡ್ಡು ಕಂಡರೆ ನಿಲ್ಲಿಸಿ. ಫುಟ್‌ರೆಸ್ಟ್ ಒರೆಸಿಕೊಳ್ಳಿ, ಬೂಟು ಜಾರುತ್ತದೆ.